ನಲವತ್ತೆರಡು ಜ್ವರ

ಮೂವತ್ತೆಂಟನೆಯ ಜ್ವರಕ್ಕೂ ಹಾಲೇಶ ಸಹಿ ಹಾಕಿ, ತಾರೀಖು ಬರೆದು, ಜರ್ನಲ್ ಪಕ್ಕಕ್ಕಿಟ್ಟ. ರೋಣದ ಆ ಕಾಲೇಜಿನಲ್ಲಿ ಬಿ.ಎ. ಮಕ್ಕಳಿಗೆ ಇಂಟರ್‌ನೆಟ್ ಕಲಿಸುವ ಅತಿಥಿ ಉಪನ್ಯಾಸಕ ಆತ. ಅತಿಥಿಯಾಗಿ ಒಂಬತ್ತು ವರ್ಷವಾದರೂ ಚಹಾ ಆಯಿತೇ ಎಂದು ಕೇಳಿದವರಿಲ್ಲ. ಲ್ಯಾಬಿನ ಕಂಪ್ಯೂಟರುಗಳು ಆಯುಧಪೂಜೆಗೆ ಕುಂಕುಮ ಹಚ್ಚಿಸಿಕೊಳ್ಳುತ್ತಿದ್ದವೇ ಹೊರತು ಕಣ್ಣು ಬಿಡುತ್ತಿರಲಿಲ್ಲ. ಹೀಗಾಗಿ ಮಕ್ಕಳು ಜರ್ನಲ್ಲಿನಲ್ಲೇ ಸ್ಕೇಲಿನಿಂದ ಪರದೆ ಗೀಚಿ, ಅದರೊಳಗೆ ಇ-ಮೇಲ್ ಬರೆಯುತ್ತಿದ್ದರು. ಆರನೆಯ ಪ್ರಾಕ್ಟಿಕಲ್: ಗುರುಗಳಿಗೆ ರಜೆ ಕೋರಿ ಮೇಲ್. ‘ನನಗೆ ಜ್ವರ ಬಂದಿರುವುದರಿಂದ’ ಎಂದು ಬೋರ್ಡಿನ ಮೇಲೆ ಅವನೇ ಬರೆದುಕೊಟ್ಟಿದ್ದ. ನಲವತ್ತೆರಡು ಮಂದಿಗೂ ಒಂದೇ ಜ್ವರ. ಓದುವುದೇನಿದೆ?

ತಿಂಗಳ ನಂತರ, ಹಾಲ್ ಟಿಕೆಟ್ ಹಂಚುವ ದಿನ, ಮೆಣಸಗಿಯ ಶಬನಮ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಳು.

"ಸರ್, ನಂದು ಹಾಲ್ ಟಿಕೆಟ್ ಬಂದಿಲ್ಲಂತ್ರಿ."

"ಹ್ಯಾಂಗ ಬರ್ತದವಾ? ಒಂದೂವರಿ ತಿಂಗಳಾತು ನಿನ್ನ ಮಾರಿ ಕಂಡು. ಫಾರ್ಮ್ ತುಂಬಿಲ್ಲ. ಹಾಜರಿಯಾಗಿನ ಹೆಸರು ಹೊಡದ ಹಾಕ್ಯಾರ."

"ನಿಮಗ ತಿಳಿಸಿದ್ನೆಲ್ರಿ?"

"ಯಾವಾಗ? ಕನಸಿನ್ಯಾಗ?"

"ಹಾಲೇಶಪ್ಪಾ, ನಿನ್ನ ಶಿಷ್ಯರು ಕನಸಿನ್ಯಾಗೂ ನೆಟ್‌ವರ್ಕ್ ಹಿಡೀತಾರಪಾ!" ಎಂದು ಇತಿಹಾಸದ ದೇವಪ್ಪ ಮೇಷ್ಟ್ರು ನಕ್ಕರು.

"ಮೇಲ್ ಮಾಡಿದ್ನಿರಿ," ಎಂದಳು ಶಬನಮ. ಮೂಲೆಯ ರಾಶಿಯಿಂದ ತನ್ನ ಜರ್ನಲ್ ಎಳೆದು ಆರನೆಯ ಪ್ರಾಕ್ಟಿಕಲ್ ತೆರೆದಳು. ಅಲ್ಲಿ ಜ್ವರವಿರಲಿಲ್ಲ.

‘ಸರ್, ನಮ್ಮ ಅಮ್ಮಿಗೆ ಲಕ್ವಾ ಹೊಡೆದಿದೆ. ಗದಗಿನ ದವಾಖಾನೆಯಲ್ಲಿ ಜೊತೆಗೆ ನಾನೊಬ್ಬಳೇ. ದಯಮಾಡಿ ಹೆಸರು ಹೊಡೆಯಬೇಡಿರಿ, ಪರೀಕ್ಷೆಯ ಫಾರ್ಮು ತುಂಬಿಸಿರಿ. ಲಗತ್ತು: ಎರಡು ಫೋಟೋ.’

ಕೆಳಗೆ ಕೆಂಪು ಶಾಯಿಯಲ್ಲಿ ಅವನ ಸಹಿ, ತಾರೀಖು, ಹತ್ತಕ್ಕೆ ಹತ್ತು. ಹಾಳೆ ತಿರುವಿದರೆ, ಪಿನ್ನು ಹೊಡೆದ ಎರಡು ಫೋಟೋ.

"ಫೋನ್ ಮಾಡಬ್ಯಾಡ್ರಿ, ಏನಿದ್ರೂ ಬರದು ತಿಳಸ್ರಿ ಅಂತ ನೀವ ಹೇಳಿದ್ರಿ. ನೋಡಾಕ ಬಂದಿದ್ದ ಗೆಳತಿ ಕೈಯಾಗ ಜರ್ನಲ್ ಕೊಟ್ಟು ಕಳಿಸಿದ್ನಿ. ಸರ್ ಸಹಿ ಮಾಡ್ಯಾರ ಅಂದ್ಲು. ಓದ್ಯಾರ, ಫಾರ್ಮ್ ತುಂಬತಾರ ಅಂತ ಆರಾಮ ಇದ್ನಿರಿ."

ದೇವಪ್ಪ ಮೇಷ್ಟ್ರು ಪೇಪರು ಎತ್ತಿ ಮುಖಕ್ಕೆ ಅಡ್ಡ ಹಿಡಿದರು.

ಹಾಲೇಶ ವಿಶ್ವವಿದ್ಯಾಲಯಕ್ಕೆ ಫೋನು ಹಚ್ಚಿದ. ಐದನೆಯ ಸಲಕ್ಕೆ ಒಬ್ಬರು ಎತ್ತಿದರು. "ಫಾರ್ಮ್ ತುಂಬೋ ಪೋರ್ಟಲ್ ಬಂದ್ ಆಗಿ ಎಂಟು ದಿನ ಆತ್ರಿ. ನಾಳೆ ಪರೀಕ್ಷೆ ಇಟಗೊಂಡು ಈಗ ಹೇಳ್ತೀರಿ? ಬೇಕಂದ್ರ ಒಂದು ಮೇಲ್ ಹಾಕ್ರಿ," ಎಂದು ಇಟ್ಟರು.

ಅವನು ಫೋನನ್ನು ಮೇಜಿನ ಮೇಲೆ ಮಗುಚಿ ಹಾಕಿದ. "ತಪ್ಪು ನಂದವಾ. ಮುಂದಿನ ವರ್ಷ..."

"ಹೌದ್ರಿ," ಎಂದಳು ಆಕೆ, ಅವನನ್ನೇ ಸಮಾಧಾನ ಮಾಡುವವಳಂತೆ. ಆಮೇಲೆ ಕೇಳಿದಳು: "ಸರ್, ಈ ಫೋಟೋ ತಗೊಳ್ಳಲೇನ್ರಿ?"

"ಯಾಕವಾ?"

"ಅದ ದವಾಖಾನ್ಯಾಗ ಆಯಾ ಕೆಲಸ ಐತ್ರಿ. ಎರಡು ಫೋಟೋ ಕೇಳ್ಯಾರ."

ಶಬನಮ ಜರ್ನಲ್ಲನ್ನು ಕಿಟಕಿಯ ಬೆಳಕಿಗೆ ಹಿಡಿದು, ಮುಖ ಹರಿಯದಂತೆ, ಪಿನ್ನಿನ ಒಂದೊಂದೇ ಕಾಲನ್ನು ಉಗುರಿನಿಂದ ನೆಟ್ಟಗೆ ಮಾಡತೊಡಗಿದಳು.