ಮಾಸ್ಟ್ರಮ್ಮ ರಾಜೀನಾಮೆ ಕೊಡಲಿಲ್ಲ

ಶರ್ಟಿನ ಕಾರ್ಖಾನೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರಿರಲಿಲ್ಲ. ಬಟ್ಟೆ ಕತ್ತರಿಸುವ ಮೇಜಿಗೆ ಗಂಡಸರೇ ಮಾಸ್ಟರಾಗಿದ್ದ ಕಾಲದಲ್ಲಿ ಕತ್ತರಿ ಹಿಡಿದು ಬಂದವಳು. ಅಂದಿನಿಂದ ಎಲ್ಲರಿಗೂ ಮಾಸ್ಟ್ರಮ್ಮ. ಈಗ ಐವತ್ತೇಳು ತುಂಬಿತ್ತು. ನಿವೃತ್ತಿಗೆ ಇನ್ನು ಮೂರೇ ವರ್ಷ ಅನ್ನುವಾಗ ತಾನಾಗಿಯೇ ಬಟ್ಟೆ ಕತ್ತರಿಸುವ ಯಂತ್ರ ಬಂತು. ತಿಂಗಳು ಕಳೆಯುವಷ್ಟರಲ್ಲಿ ಆಡಳಿತಾಧಿಕಾರಿಯ ಕರೆಯೂ ಬಂತು.

ಅಧಿಕಾರಿ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮಾತಾಡುವವನು. ಕುರ್ಚಿ ಎಳೆದು ಕೂರಿಸಿದ, ನೀರು ತರಿಸಿದ, ಆಮೇಲೆ ಒಂದು ಹಾಳೆ ಮುಂದೆ ತಳ್ಳಿದ.

“ಇಲ್ಲೊಂದು ಸಹಿ ಹಾಕಿ ಮೇಡಂ. ಹನ್ನೊಂದು ವರ್ಷದ ಸೇವೆಗೆ ಪರಿಹಾರ. ಈ ವಾರವೇ ಖಾತೆಗೆ ಬೀಳುತ್ತೆ.”

ಮಾಸ್ಟ್ರಮ್ಮ ಕನ್ನಡಕ ಏರಿಸಿ ಓದಿದಳು. ವೈಯಕ್ತಿಕ ಕಾರಣಗಳಿಂದ ಸ್ವಇಚ್ಛೆಯ ರಾಜೀನಾಮೆ ಎಂದಿತ್ತು.

“ನನ್ನ ಇಚ್ಛೆ ನಿಮಗೆ ಯಾರು ಹೇಳಿದ್ರು ಸಾರ್?”

“ಅದು ಸುಮ್ನೆ ಬರೆಯೋ ರೀತಿ, ಅಷ್ಟೇ.”

“ಸರಿ. ಹನ್ನೊಂದು ವರ್ಷ ಎಲ್ಲಿಂದ ಬಂತು? ನಾನು ಸೇರಿ ಇಪ್ಪತ್ತೆಂಟಾಯ್ತು.”

“ಈಗಿನ ಮಾಲೀಕರು ಕಂಪನಿ ಕೊಂಡು ಹನ್ನೊಂದೇ ವರ್ಷ. ಹಿಂದಿನ ದಾಖಲೆ ನಮ್ಮಲ್ಲಿಲ್ಲ.”

“ಹಾಗಾದ್ರೆ ಮಿಕ್ಕ ಹದಿನೇಳು ವರ್ಷ ನಾನಿಲ್ಲಿ ನೊಣ ಹೊಡೀತಿದ್ನಾ?”

ಹಾಳೆಯನ್ನು ಅಲ್ಲೇ ಬಿಟ್ಟು ಎದ್ದು ಬಂದಳು.

ಮೆಟ್ಟಿಲ ಕೆಳಗೆ ಇಸ್ತ್ರಿ ವಿಭಾಗದವನು ನಿಂತಿದ್ದ. ಇಪ್ಪತ್ನಾಲ್ಕು ವರ್ಷ ಹಬೆಯಲ್ಲಿ ಬೆಂದವನು, ಅವಳನ್ನು ಅಕ್ಕ ಅನ್ನುವವನು. ಅವನಿಗೂ ಅವತ್ತೇ ಕರೆ ಬಂದಿತ್ತು.

“ಸಹಿ ಹಾಕಿಬಿಟ್ಟೆ ಅಕ್ಕ. ಇವತ್ತು ಹಾಕದಿದ್ರೆ ನಾಳೆ ಇದೂ ಸಿಗಲ್ಲ ಅಂದ್ರು.”

ಬೈಯಬೇಕು ಅನ್ನಿಸಿತು. ಅವನ ಮುಖ ನೋಡಿ ಮನಸ್ಸಾಗದೆ ಹೆಗಲು ತಟ್ಟಿ ನಡೆದಳು.

ಮನೆಯಲ್ಲಿ ಗಂಡ, ಬಸ್ಸಿನ ಕಂಡಕ್ಟರಾಗಿ ನಿವೃತ್ತನಾದವನು, ಕೇಳಿ ತಲೆ ಮೇಲೆ ಕೈ ಹೊತ್ತು ಕೂತ. “ಬಂಡೆಗೆ ತಲೆ ಚಚ್ಚಿಕೊಂಡ್ರೆ ಬಂಡೆಗೇನು ನೋವಾಗುತ್ತೆ? ಕೊಟ್ಟಷ್ಟು ತಗೊಂಡು ಬಾ.”

“ಚಿಲ್ಲರೆ ಇಲ್ಲ ಅಂದ್ರೆ ಸುಮ್ಮನೆ ಇಳಿದು ಹೋಗೋಕೆ ನಾನು ನಿಮ್ಮ ಬಸ್ಸಿನ ಪ್ರಯಾಣಿಕಳಲ್ಲ ರೀ.”

ಅವನಿಗೆ ನಗು ತಡೆಯಲಾಗಲಿಲ್ಲ. ಇಬ್ಬರೂ ಕೂತು ಪೆಟ್ಟಿಗೆ ಜಾಲಾಡಿದರು. ನೇಮಕದ ಪತ್ರದ ಸುಳಿವೇ ಇರಲಿಲ್ಲ. ಪೆಟ್ಟಿಗೆ ಮುಚ್ಚುವಾಗ ಅವಳಿಗೆ ಪ್ಯಾಟರ್ನ್ ಕೋಣೆ ನೆನಪಾಯಿತು.

ಕತ್ತರಿಸುವ ಮೊದಲು ಶರ್ಟಿನ ಒಂದೊಂದು ಭಾಗಕ್ಕೂ ರಟ್ಟಿನ ಪ್ಯಾಟರ್ನ್ ಮಾಡಬೇಕು. ಅದರ ಮೇಲೆ ಮಾಡಿದವರು ತಾರೀಖು ಬರೆದು ಸಹಿ ಹಾಕಬೇಕು, ಪಕ್ಕದಲ್ಲಿ ವ್ಯವಸ್ಥಾಪಕರ ಸಹಿ. ಹಳೆಯವೆಲ್ಲ ಇನ್ನೂ ಕೊಕ್ಕೆಗಳಲ್ಲಿ ತೂಗುತ್ತಿದ್ದವು. ಮರುದಿನ ಬೆಳಿಗ್ಗೆ ಹಿಂದಿನ ಸಾಲಿಗೆ ಕೈ ಹಾಕಿದಳು. ತೋಳು, ಜೇಬು, ಬೆನ್ನು, ಕಾಲರ್, ವರ್ಷಕ್ಕೊಂದರಂತೆ ಅವಳ ಸಹಿಯಿದ್ದ ಹದಿನೇಳು ಸಿಕ್ಕವು. ಧೂಳು ಒರೆಸಿ ಅಧಿಕಾರಿಯ ಮೇಜಿನ ತುಂಬ ಹರಡಿದಳು.

“ದಾಖಲೆ ಕೇಳಿದ್ರಲ್ಲ ಸಾರ್.”

“ಇದು ಕಂಪನಿ ಆಸ್ತಿ. ಇದನ್ನೆಲ್ಲ ನೀವು ಮುಟ್ಟೋ ಹಾಗಿಲ್ಲ.”

“ಇವತ್ತಿನವರೆಗೂ ನಾನು ಕಂಪನಿಯವಳೇ. ಈ ಕಾಲರ್ ನೋಡಿ, ಇಪ್ಪತ್ತಾರು ವರ್ಷ ಹಿಂದಿಂದು. ಈಗ್ಲೂ ಇದನ್ನೇ ಹೊಲೀತಿದ್ದೀರಿ. ಕಾಲರ್ ಮಾತ್ರ ನಿಮ್ದು, ಕತ್ತರಿಸಿದವಳು ನಿಮ್ಮವಳಲ್ವಾ?”

ಮೇಲಿನವರನ್ನು ಕೇಳಿ ಹೇಳುತ್ತೇನೆ ಎಂದ ಅಧಿಕಾರಿ. ಮೂರು ದಿನ ಬಿಟ್ಟು ಹದಿನೆಂಟು ವರ್ಷಕ್ಕೆ ಬಂದ. ಅವಳು ತಲೆ ಅಲ್ಲಾಡಿಸಿದಳು. ಇಪ್ಪತ್ಮೂರು ಎಂದ. “ಎರಡು ಮೀಟರ್ ಬೇಕಾದ ಶರ್ಟನ್ನ ಒಂದೂವರೆ ಮೀಟರಲ್ಲಿ ಹೊಲಿಯೋಕಾಗಲ್ಲ ಸಾರ್,” ಎಂದು ಎದ್ದಳು. ರಾತ್ರಿ ನಿದ್ದೆ ಬರುತ್ತಿರಲಿಲ್ಲ, ಅದು ಬೇರೆ ಮಾತು. ಅವನೆದುರು ಮಾತ್ರ ಅದನ್ನು ತೋರಿಸಿಕೊಳ್ಳಲಿಲ್ಲ. ಒಂಬತ್ತನೆಯ ದಿನ ಇಪ್ಪತ್ತೆಂಟೂ ವರ್ಷ ಒಪ್ಪಿದರು. ನೋಟಿಸಿಗೆ ಬದಲಾಗಿ ಅವಳು ಕೇಳಿದ್ದ ಮೂರು ತಿಂಗಳ ಸಂಬಳದಲ್ಲಿ ಒಂದು ತಿಂಗಳದ್ದಷ್ಟೇ ಸಿಕ್ಕಿತು. ಹೋಗಲಿ ಎಂದಳು. ಆದರೆ ರಾಜೀನಾಮೆ ಎಂಬ ಪದ ಹೊಡೆದು ಹಾಕಿಸಿ, ಕಂಪನಿಯೇ ಕೆಲಸದಿಂದ ತೆಗೆದಿದೆ ಎಂದು ಬರೆಸಿಕೊಂಡ ಮೇಲೆಯೇ ಪೆನ್ನು ಹಿಡಿದದ್ದು.

“ಇಸ್ತ್ರಿಯವನದ್ದೂ ಹೀಗೇ ತಿದ್ದಿ.”

“ಅವರು ಸಹಿ ಹಾಕಿ ಆಗಿದೆ ಮೇಡಂ. ನಮ್ಮ ಕೈಲಿಲ್ಲ.”

ಎಷ್ಟು ವಾದಿಸಿದರೂ ಅವನು ಜಗ್ಗಲಿಲ್ಲ. ಹೊರಗೆ ಕಾಯುತ್ತಿದ್ದ ಇಸ್ತ್ರಿಯವನೇ ಸಮಾಧಾನ ಹೇಳಿದ: “ನಿಂದಾದ್ರೂ ಆಯ್ತಲ್ಲ ಅಕ್ಕ. ನನ್ನ ಹಣೆಬರಹ, ಬಿಡು.”

“ಹಣೆಬರಹ ಅಲ್ಲ ಕಣೋ, ಅವರ ಕೈಬರಹ. ನಡಿ.”

ಅಂದೇ ಅವನನ್ನು ಕಾರ್ಮಿಕ ಇಲಾಖೆಯ ಕಚೇರಿಗೆ ಕರೆದೊಯ್ದು, ಕಂಪನಿಯವರು ಹೆದರಿಸಿ ಸಹಿ ಮಾಡಿಸಿದರೆಂದು ದೂರು ಬರೆಸಿದಳು. ವಿಚಾರಣೆಯ ದಿನ ಅವಳನ್ನು ಕಂಡ ಕಂಪನಿಯ ಅಧಿಕಾರಿ ಹುಬ್ಬೇರಿಸಿದ.

“ನೀವ್ಯಾಕೆ ಬಂದ್ರಿ ಮೇಡಂ? ನಿಮ್ದು ಮುಗೀತಲ್ಲ?”

“ಮನೇಲಿ ಕೂರಿಸಿದ್ದು ನೀವೇ ತಾನೆ ಸಾರ್? ಈಗ ನಂಗೆ ಪೂರ್ತಿ ಬಿಡುವು.”

ಐದು ತಿಂಗಳು, ಏಳು ವಿಚಾರಣೆ. ಒಂದನ್ನೂ ಅವಳು ತಪ್ಪಿಸಲಿಲ್ಲ. ಕೊನೆಗೆ ಇಸ್ತ್ರಿಯವನಿಗೆ ಹತ್ತೊಂಬತ್ತು ವರ್ಷದ ಪರಿಹಾರ ಸಿಕ್ಕಿತು. ಅವನು ಸಾಕು ಎಂದ. ಮಾಸ್ಟ್ರಮ್ಮ ಮಾತ್ರ, ಉಳಿದ ಐದು ವರ್ಷಕ್ಕೆ ಮೇಲ್ಮನವಿ ಎಲ್ಲಿ ಕೊಡಬೇಕು ಎಂದು ಗುಮಾಸ್ತನನ್ನು ಕೇಳುತ್ತಿದ್ದಳು.