ಇಪ್ಪತ್ತೆರಡರ ನಳಿಗೆ

ಲಮಾರ್ ತನ್ನ ಬಂದೂಕಿನಂಗಡಿಯ ಕೌಂಟರಿನ ಮೇಲೆ ಎರಡು ಸೀಸದ ಗುಂಡುಗಳನ್ನು ಪಕ್ಕಪಕ್ಕ ನಿಲ್ಲಿಸಿದ. ಒಂದು ಕಡಲೆಕಾಳಿನಷ್ಟು, ಇನ್ನೊಂದು ಅದರ ಎರಡರಷ್ಟು.

"ನೋಡು ನೆಡ್ರಾ, ಇದು ಇಪ್ಪತ್ತೆರಡರ ನಳಿಗೇದು, ಇದು ಮೂವತ್ತರದ್ದು. ಇನ್ನೂರು ಗಜಕ್ಕೆ ಅಡ್ಡಗಾಳಿ ಬೀಸಿದ್ರೆ ಚಿಕ್ಕದು ಒಂದು ಗೇಣು ಪಕ್ಕಕ್ಕೆ ಹೋಗಿ ಬೀಳತ್ತೆ. ದೊಡ್ಡದು ಅದರ ಅರ್ಧದಷ್ಟೂ ಅಲ್ಲಾಡಲ್ಲ. ನೀನು ಗುರಿಯಿಟ್ಟು ಹೊಡೆಯೋ ತಟ್ಟೆ ಎಷ್ಟಗಲ?"

"ಅಂಗೈಯಗಲ."

"ಮತ್ತೆ ಯೋಚನೆ ಯಾಕೆ ತಾಯಿ?"

ಯೋಚನೆ ಮಾಡಬೇಕಾದ್ದೇನೂ ಇರಲಿಲ್ಲ. ನೆಡ್ರಾಳ ಹಳೆಯ ಏರ್ ರೈಫಲ್ ವಸಂತದಲ್ಲೇ ಗಾಳಿ ಹಿಡಿಯುವುದನ್ನು ನಿಲ್ಲಿಸಿತ್ತು. ಹೊಸದಕ್ಕೆ ಯಾವ ಅಳತೆಯ ನಳಿಗೆ ಬೇಕೆಂದು ಲಮಾರ್ ಇವತ್ತೇ ಬರೆದು ಕಳಿಸಬೇಕು, ಇಲ್ಲವಾದರೆ ಸೆಪ್ಟೆಂಬರಿನ ಪಂದ್ಯಕ್ಕೆ ಅದು ಕೈಸೇರುವುದಿಲ್ಲ. ಮೂರು ವಾರದಿಂದ ಅಡಿಗೆಮನೆಯ ಮೇಜಿನ ಮೇಲೆ ಅವಳು ತೂಕ, ವೇಗ, ಗಾಳಿ ಎಂದು ಲೆಕ್ಕ ಹಾಕಿ ಹಾಕಿ ಕಾಗದ ತುಂಬಿಸಿದ್ದಳು. ಯಾವ ಕಡೆಯಿಂದ ಹಾಕಿದರೂ ಲೆಕ್ಕ ಮೂವತ್ತು ಎಂದೇ ಹೇಳುತ್ತಿತ್ತು.

"ಹೋಗ್ಲಿ, ಇಪ್ಪತ್ತೈದು ತಗೋ. ಎರಡಕ್ಕೂ ನಡುವೆ."

"ನಡುವಿಂದು ತಗೊಳ್ಳೋಕೆ ನಾನೇನು ಇಲ್ಲಿ ರಾಜಿ ಪಂಚಾಯ್ತಿಗೆ ಬಂದಿದೀನಾ?"

ಲಮಾರ್ ನಕ್ಕ. ಶೂಟಿಂಗ್ ಕ್ಲಬ್ಬಿನ ಕಾರ್ಯದರ್ಶಿಯೂ ಅವನೇ ಆದ್ದರಿಂದ ಪಂದ್ಯದ ಅರ್ಜಿಯನ್ನೂ ಅವಳ ಮುಂದೆ ಸರಿಸಿದ. ಒಂಟಿ ಅಥವಾ ಜೋಡಿ ಎಂದು ಅದರಲ್ಲಿ ಎರಡು ಚೌಕಗಳಿದ್ದವು.

"ಮೂವತ್ತಾದ್ರೆ ಒಂಟಿಯಾಗೇ ಹೊಡೀಬಹುದು ನೀನು," ಎಂದ ಮೆಲ್ಲಗೆ. "ಬೆನ್ನ ಹಿಂದೆ ಕೂತ್ಕೊಂಡು ಗಾಳಿ ಹೇಳೋರು ಯಾರೂ ಬೇಕಾಗಲ್ಲ."

ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಅವಳ ಜೊತೆಗಾರ ವರ್ಲ್ ಒಂದು ವರ್ಷದಿಂದ ಮೈದಾನದ ಕಡೆ ತಲೆ ಹಾಕಿಲ್ಲವೆಂಬುದು ಊರಿಗೆಲ್ಲ ಗೊತ್ತಿತ್ತು.

ಜೋಡಿಯಲ್ಲಿ ಹೊಡೆಯುವವರಿಗೆ ಒಂದು ಕ್ರಮವಿದೆ. ಮಲಗಿ ಗುರಿ ಹಿಡಿದವರು ತಟ್ಟೆಯನ್ನು ಬಿಟ್ಟು ಬೇರೇನನ್ನೂ ನೋಡಕೂಡದು. ಹುಲ್ಲು, ಬಾವುಟ, ಬಿಸಿಲಿನ ನಡುಕ ಎಲ್ಲವನ್ನೂ ಹಿಂದೆ ಕೂತವರು ದುರ್ಬೀನಿನಲ್ಲಿ ನೋಡಿ, ಎಡಕ್ಕೆ ಇಷ್ಟು ಗೆರೆ, ಬಲಕ್ಕೆ ಇಷ್ಟು ಗೆರೆ ಎಂದು ಹೇಳುತ್ತಾರೆ. ಹೇಳಿದಷ್ಟು ಸರಿದು ಹೊಡೆದರೆ ಮುಗಿಯಿತು, ಎದುರು ಮಾತಿಲ್ಲ. ಗಂಡ ರುಲಾನ್ ತೀರಿಕೊಂಡ ಮರುವರ್ಷದಿಂದ ಹನ್ನೊಂದು ವರ್ಷ ನೆಡ್ರಾಳ ಬಲಗಿವಿಯ ಹಿಂದೆ, ಒಂದು ಮೊಳ ದೂರದಲ್ಲಿ, ವರ್ಲ್‌ನ ದನಿಯಿತ್ತು. ಸಕ್ಕರೆ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ಮೂವತ್ತು ವರ್ಷ ಕಳೆದ ಮನುಷ್ಯ, ಮದುವೆಯಾಗದವನು, ಮಾತು ಕಡಿಮೆ, ಸದಾ ಬಾಯಲ್ಲಿ ಪೆಪ್ಪರಮಿಂಟು. ಪಂದ್ಯ ಮುಗಿದರೆ ಮಡಿಸುವ ಸ್ಟೂಲನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಹೋಗುತ್ತಿದ್ದ. ಅವರಿಬ್ಬರ ನಡುವೆ ಅದಕ್ಕಿಂತ ಹೆಚ್ಚೇನೂ ಇರಲಿಲ್ಲ. ಅಷ್ಟು ಇದ್ದದ್ದು ಎಷ್ಟು ದೊಡ್ಡದೆಂದು ಅವಳಿಗೆ ಈ ವರ್ಷ ತಿಳಿದಿತ್ತು.

ಕಳೆದ ಸೆಪ್ಟೆಂಬರಿನಲ್ಲಿ ವರ್ಲ್, "ಎಡಕ್ಕೆ ಎರಡು," ಎಂದಿದ್ದ. ಯಾಕೋ ಅನುಮಾನ ಬಂದು ನೆಡ್ರಾ ತಲೆಯೆತ್ತಿ ನೋಡಿಬಿಟ್ಟಳು. ಕೆಂಪು ಬಾವುಟ ಎಡಕ್ಕೇ ಹಾರುತ್ತಿತ್ತು, ಎಂದರೆ ಗುರಿ ಹಿಡಿಯಬೇಕಾದ್ದು ಬಲಕ್ಕೆ. ಅವಳು ಬಲಕ್ಕೆ ಒಂದು ಹಿಡಿದು ಹೊಡೆದಳು. ತಟ್ಟೆ ಠಣ್ಣೆಂದಿತು, ಜನ ಚಪ್ಪಾಳೆ ತಟ್ಟಿದರು. ವರ್ಲ್ ದುರ್ಬೀನನ್ನು ಚೀಲಕ್ಕೆ ಹಾಕಿ ಸ್ಟೂಲು ಮಡಿಸಿದ. ಅವನು ಹೇಳಿದಂತೆ ಹೊಡೆದು ಗುರಿ ತಪ್ಪಿದ್ದರೆ ಇಬ್ಬರೂ ನಕ್ಕು ಸುಮ್ಮನಾಗುತ್ತಿದ್ದರು. ಅವಳು ಮಾಡಿದ ತಪ್ಪೆಂದರೆ ಗುರಿ ಮುಟ್ಟಿದ್ದು.

"ಇಪ್ಪತ್ತೆರಡು ಬರ್ಕೋ," ಎಂದಳು ನೆಡ್ರಾ. "ಜೋಡಿ ಅಂತ ಹಾಕು."

ಲಮಾರ್ ಪೆನ್ಸಿಲ್ ಎತ್ತಿದ. "ಜೊತೆಗೆ ಯಾರು?"

"ಆ ಜಾಗ ಖಾಲಿ ಬಿಡು."

ಅಲ್ಲಿಂದ ಅವಳು ನೇರವಾಗಿ ವರ್ಲ್‌ನ ಮನೆಗೆ ಹೋದಳು. ಅವನು ಹಿತ್ತಲ ವರಾಂಡದಲ್ಲಿ ಬಿಸಿನೀರಿಗೆ ಅದ್ದಿದ ಪೀಚ್ ಹಣ್ಣುಗಳ ಸಿಪ್ಪೆ ಸುಲಿಯುತ್ತಿದ್ದ. ಪಕ್ಕದಲ್ಲಿ ಚಳಿಗಾಲಕ್ಕೆಂದು ತೊಳೆದಿಟ್ಟ ಗಾಜಿನ ಜಾಡಿಗಳು. ಸುಲಿದ ಹಣ್ಣನ್ನು ಅವನು ನೋಡುತ್ತಿರಲಿಲ್ಲ, ಹೆಬ್ಬೆರಳಿನಿಂದ ಸುತ್ತ ಸವರಿ ಸಿಪ್ಪೆ ಉಳಿದಿದೆಯೇ ಎಂದು ತಿಳಿಯುತ್ತಿದ್ದ. ನೆಡ್ರಾ ಅದನ್ನು ನೋಡುತ್ತ ಹತ್ತಿರ ಬಂದಳು. ಕೂತು ತಾನೂ ಒಂದು ಹಣ್ಣು ತೆಗೆದುಕೊಂಡಳು.

"ಹೊಸ ರೈಫಲ್‌ಗೆ ಬರೆಸಿ ಬಂದೆ. ಇಪ್ಪತ್ತೆರಡು."

"ತಲೆ ಕೆಟ್ಟಿದ್ಯಾ ನಿಂಗೆ? ಇನ್ನೂರು ಗಜಕ್ಕೆ? ಮೂವತ್ತು ಬರೆಸ್ಬೇಕಿತ್ತು."

"ಮೂವತ್ತಕ್ಕೆ ಗಾಳಿ ಹೇಳೋರು ಬೇಡ್ವಂತೆ."

"ಅದಕ್ಕೇ ಹೇಳಿದ್ದು."

"ಅದಕ್ಕೇ ತಗೊಳ್ಳಲಿಲ್ಲ."

ವರ್ಲ್‌ನ ಕೈ ನಿಂತಿತು. ಕೈಯಲ್ಲಿದ್ದ ಹಣ್ಣನ್ನು ಬೋಗುಣಿಗೆ ಹಾಕಿದ.

"ನನ್ ಕಣ್ಣು ಮಂಜಾಗಿದೆ ಕಣೆ," ಎಂದ. "ಅವತ್ತು ಬಾವುಟ ಕಾಣಿಸ್ಲಿಲ್ಲ. ಅಂದಾಜಲ್ಲಿ ಹೇಳ್ದೆ. ನಿಂಗೆ ಗೊತ್ತಾಗೋಯ್ತು."

"ನಾನು ತಲೆ ಎತ್ತಬಾರದಿತ್ತು."

"ಎತ್ತಿದ್ದಕ್ಕೇ ಗುಂಡು ತಟ್ಟೆಗೆ ಬಡೀತು."

"ತಟ್ಟೆ ಮನೆ ಹಾಳಾಗ್ಲಿ," ಎಂದಳು ನೆಡ್ರಾ. "ಒಂದು ವರ್ಷದಿಂದ ನನ್ ಕಿವಿ ಹಿಂದೆ ಬರೀ ಗಾಳಿ, ವರ್ಲ್."

ವರ್ಲ್ ಸುಲಿದ ಹಣ್ಣುಗಳನ್ನು ಜಾಡಿಗೆ ತುಂಬತೊಡಗಿದ. ಅವಳು ಹೊರಡುವಾಗ ಒಂದು ಜಾಡಿ ಹಣ್ಣು ಕೊಟ್ಟು, ಮುಚ್ಚಳ ಬಿಗಿಯಾಗಿ ಕೂತಿದೆಯೇ ಮನೆಗೆ ಹೋಗಿ ನೋಡಿಕೋ ಎಂದಷ್ಟೇ ಹೇಳಿದ.

ಎರಡು ವಾರಕ್ಕೆ ರೈಫಲ್ ಬಂತು, ಶನಿವಾರದ ಅಭ್ಯಾಸಕ್ಕೆ ಬಾ ಎಂದು ನೆಡ್ರಾ ವರ್ಲ್‌ಗೆ ಹೇಳಿಕಳಿಸಿದಳು. ಶನಿವಾರ ಬೆಳಿಗ್ಗೆ ಅವಳು ಕ್ಲಬ್ಬಿನವರು ಅಭ್ಯಾಸ ಮಾಡುವ ಮೈದುನನ ಹುಲ್ಲುಗಾವಲಿಗೆ ಎಲ್ಲರಿಗಿಂತ ಮೊದಲು ಹೋದಳು. ಇನ್ನೂರು ಗಜಕ್ಕೆ ತಟ್ಟೆ ತೂಗುಹಾಕಿ, ದಾರಿಯುದ್ದಕ್ಕೂ ಊರಿದ್ದ ಬಾವುಟಗಳನ್ನು ಒಂದೊಂದಾಗಿ ಕಿತ್ತು ಟ್ರಕ್ಕಿನಲ್ಲಿ ಹಾಕಿದಳು. ವರ್ಲ್ ಬರುವನೆಂದು ಅವಳಿಗೆ ಖಾತ್ರಿ ಇರಲಿಲ್ಲ. ಚಾಪೆ ಹಾಸಿ ಮಲಗಿ, ಬೇಕಿಲ್ಲದಿದ್ದರೂ ರೈಫಲ್ ಮೇಲಿನ ದುರ್ಬೀನಿನ ಗಾಜು ಒರೆಸಿದಳು, ಮತ್ತೊಮ್ಮೆ ಒರೆಸಿದಳು. ಹಿಂದೆ ಸ್ಟೂಲು ಬಿಚ್ಚಿದ ಸದ್ದಾಯಿತು. ಅವಳು ತಿರುಗಿ ನೋಡಲಿಲ್ಲ. ನೋಡಿದರೆ ಅಳು ಬರುತ್ತದೆಂಬ ಭಯ.

"ಬಾವುಟದ ಪಟಪಟ ಕೇಳಿಸ್ತಿಲ್ಲ," ಎಂದ ವರ್ಲ್. "ನೆಟ್ಟಿಲ್ವಾ?"

"ಇಲ್ಲ."

"ಮತ್ತೆ ನೀನೇನು ನೋಡ್ತೀಯ?"

"ತಟ್ಟೆ."

ಅವನು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು, ಮುಖವನ್ನು ಗಾಳಿಗೆ ಒಡ್ಡಿ ಕಿವಿಗೊಟ್ಟ. ಹೊಲದಂಚಿನ ಪಾಪ್ಲರ್ ಮರಗಳ ಸಾಲಿನಲ್ಲಿ ಎಲೆ ಮಿಸುಕಿತು, ಆಚೆ ಕೊಟ್ಟಿಗೆಯ ಸಡಿಲ ತಗಡು ಒಮ್ಮೆ ಬಡಿದು ಸುಮ್ಮನಾಯಿತು. ನೆಡ್ರಾ ಉಸಿರು ಅರ್ಧ ಬಿಟ್ಟು ತಡೆದಳು. ಪೆಪ್ಪರಮಿಂಟಿನ ವಾಸನೆ ಬಂತು.

"ಎಡಕ್ಕೆ ಒಂದೂವರೆ," ಎಂದ ವರ್ಲ್. ಅವಳ ಬೆರಳು ಟ್ರಿಗರ್ ಮೇಲೆ ಹೋಯಿತು. "ಇನ್ನೂ ಬೇಡ. ಪಾಪ್ಲರ್ ಸುಮ್ಮನಾಗ್ಲಿ."

ನೆಡ್ರಾ ಬೆರಳು ಹಿಂದಕ್ಕೆ ತೆಗೆದು, ಕೆನ್ನೆಯನ್ನು ರೈಫಲ್‌ಗೆ ಒತ್ತಿಕೊಂಡು ಹಾಗೇ ಮಲಗಿದಳು. ಮರಗಳು ಇನ್ನೂ ಅಲುಗಾಡುತ್ತಲೇ ಇದ್ದವು.