ಅಣ್ಣ ಕೊಟ್ಟ ಉತ್ತರ

ಪ್ರಾಸ್ಟೇಟ್ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಮುಗಿದ ಮೇಲೆ, ಪ್ರತಿ ತಪಾಸಣೆಗೂ ತಮ್ಮನ ಜೊತೆ ಅಣ್ಣನೇ ಬರುತ್ತಿದ್ದ. ಅಪ್ಪ ಹೋದಂದಿನಿಂದ ಗಾಜಿನ ಅಂಗಡಿಯಲ್ಲಿ ಗಿರಾಕಿಗಳ ಜೊತೆ ಮಾತು ಅಣ್ಣನದು, ಗಾಜು ಕತ್ತರಿಸುವುದು ತಮ್ಮನದು. ಡಾಕ್ಟರ ಮುಂದೆಯೂ ಅದೇ ಏರ್ಪಾಡು.

"ರಕ್ತದಲ್ಲಿ ಪಿಎಸ್‌ಎ ಏರಿಲ್ಲ, ಅಂದ್ರೆ ರೋಗ ಮರಳಿಲ್ಲ, ಒಳ್ಳೇದಾಯ್ತು," ಎಂದರು ಡಾಕ್ಟರಮ್ಮ. "ಮಲ, ಮೂತ್ರ ಎಲ್ಲ ಸರಿಯಾಗಿ ಹೋಗ್ತಿದೆಯಾ?"

"ಗುಂಡುಕಲ್ಲಿನ ಹಾಗಿದ್ದಾನೆ ಮೇಡಂ. ತಿಂದದ್ದೂ ಅರಗುತ್ತೆ, ನಾನು ಬೈದದ್ದೂ ಅರಗುತ್ತೆ."

ತಮ್ಮ ಒಂದೇ ತೊಡೆಯ ಮೇಲೆ ಭಾರ ಹಾಕಿ ಕುಳಿತಿದ್ದ. ಬೇಸಿಗೆಯಲ್ಲಿ ಮಲದ ಜೊತೆ ರಕ್ತ ಹೋಗತೊಡಗಿದಾಗ ಅಣ್ಣ ಅದು ಮೂಲವ್ಯಾಧಿಯೇ ಎಂದಿದ್ದ, ಅಣ್ಣನಿಗೂ ಹಿಂದೆ ಅದು ಆಗಿತ್ತು. ತನ್ನನ್ನು ಗುಣಪಡಿಸಿದ ಸರ್ಜನ್ ಹತ್ತಿರವೇ ತಮ್ಮನನ್ನು ಕರೆದೊಯ್ದ. "ಆ ದೊಡ್ಡ ರೋಗದ ಸುದ್ದಿ ಎತ್ತಬೇಡ. ಮುಗಿದದ್ದನ್ನ ಯಾಕೆ ಕೆದಕ್ತೀಯ?" ಎಂದು ದಾರಿಯಲ್ಲೇ ತಾಕೀತು ಮಾಡಿದ್ದ. ಹಿಂದೆ ಯಾವುದಾದರೂ ಚಿಕಿತ್ಸೆ ಆಗಿದೆಯೇ ಎಂದು ಸರ್ಜನ್ ಕೇಳಿದಾಗ, ಇಲ್ಲವೆಂದು ಉತ್ತರಿಸಿದವನೂ ಅವನೇ. ಆಗ ಕೊಯ್ದ ಜಾಗ ಇನ್ನೂ ಮಾಗಿಲ್ಲ.

"ಈ ಸಲ ನೀವೇ ಬಾಯಿ ಬಿಡಿ," ಎಂದು ತಮ್ಮನ ಹೆಂಡತಿ ಬೆಳಿಗ್ಗೆ ಗಾಯಕ್ಕೆ ಬಟ್ಟೆ ಕಟ್ಟುತ್ತ ಹೇಳಿದ್ದಳು.

"ಮೇಡಂ, ಮೂಲವ್ಯಾಧಿ ಅಂತ ಆಪರೇಷನ್ ಆಯ್ತು," ಎಂದ ತಮ್ಮ. "ಗಾಯ ಕೂಡ್ತಾ ಇಲ್ಲ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ವಿಕಿರಣ ಕೊಟ್ಟಿದ್ದು ಆಪರೇಷನ್ ಮಾಡಿದವರಿಗೆ ಗೊತ್ತಿತ್ತಾ?"

ತಮ್ಮ ಇಲ್ಲವೆಂದು ತಲೆಯಾಡಿಸಿದ.

ಪರದೆಯ ಹಿಂದೆ ಪರೀಕ್ಷೆ ಮುಗಿಸಿ ಅವರು ಬಿಡಿಸಿ ಹೇಳಿದರು. ವಿಕಿರಣ ತಾಗಿದ ಭಾಗದಲ್ಲಿ ಸಣ್ಣ ರಕ್ತನಾಳಗಳು ಸತ್ತಿರುತ್ತವೆ. ಅಲ್ಲಿ ಕೊಯ್ದರೆ ಮಾಗುವುದು ಕಷ್ಟ. ಆ ರಕ್ತಸ್ರಾವ ವಿಕಿರಣದಿಂದಲೇ ಬಂದಿರಬಹುದು. ಔಷಧದಲ್ಲೇ ತಗ್ಗುವ ಸಾಧ್ಯತೆ ಇತ್ತು. ಈಗ ಗಾಯಕ್ಕೆ ತಾಗದಂತೆ ಹೊಟ್ಟೆಯಲ್ಲಿ ದಾರಿ ಮಾಡಿ, ಮಲವನ್ನು ಚೀಲಕ್ಕೆ ಬಿಡಬೇಕಾದೀತು. ಬಹುಶಃ ಕೊನೆಯತನಕ.

"ನೀನಾದ್ರೂ ಅವತ್ತೇ ಹೇಳಬಾರದಿತ್ತೇನೋ?" ಪರದೆಯಾಚೆಯಿಂದ ಅಣ್ಣನ ದನಿ ಬಂತು.

ತಮ್ಮ ಪ್ಯಾಂಟಿನ ಗುಂಡಿ ಹಾಕಿಕೊಂಡು ಹೊರಬಂದ. ಅಣ್ಣ ಆಗಲೇ ಕುರ್ಚಿ ಮುಂದಕ್ಕೆಳೆದುಕೊಂಡು, "ಯಾವಾಗ ಅಡ್ಮಿಟ್ ಮಾಡೋಣ ಮೇಡಂ?" ಎಂದು ಕೇಳುತ್ತಿದ್ದ.

"ಅಣ್ಣ, ನೀನು ಹೊರಗಿರು."

"ನಿನಗೇನು ತಿಳಿಯುತ್ತೋ?"

"ಹೊರಗಿರು ಅಂದೆ."

ಅಣ್ಣ ಎದ್ದು ಹೋದ. ಡಾಕ್ಟರಮ್ಮ, "ಈಗ ಕೇಳಿ, ಏನು ಬೇಕಾದರೂ ಕೇಳಿ," ಎಂದು ಕಾದರು. ಐವತ್ತೆಂಟು ವರ್ಷದ ಆ ಮನುಷ್ಯನಿಗೆ ಏನು ಕೇಳಬೇಕೆಂದೇ ತಿಳಿಯಲಿಲ್ಲ.